ಹೊಳೆ ಇಳಿಯುವವರೆಗೆ ಮುಚ್ಚಬಾರದ ಪೇಜು

ಸವಣೂರಿನಲ್ಲಿ ನಾನು ಪಾಠ ಹೇಳುವ ಕಂಪ್ಯೂಟರ್ ಕ್ಲಾಸಿನ ಕೆಳಗೆ ಒಂದು ಖಾರದ ಅಂಗಡಿ ಇದೆ. ಮಧ್ಯಾಹ್ನವಾಯಿತೆಂದರೆ ಕಡಲೆಹಿಟ್ಟು, ಬೆಳ್ಳುಳ್ಳಿ, ಕಾದ ಎಣ್ಣೆಯ ವಾಸನೆ ಮೆಟ್ಟಿಲು ಹತ್ತಿ ಬಂದು ಹುಡುಗಿಯರ ಗಮನವನ್ನೆಲ್ಲ ಕೆಳಗೆ ಎಳೆದುಕೊಂಡು ಹೋಗುತ್ತದೆ. ಹೋದ ವಾರ ಮಳೆ ಹಿಡಿದು ಕರೆಂಟು ಹೋಯಿತು. ಅಂಗಡಿಯವರು ಚಿಮಣಿ ದೀಪ ಹಚ್ಚಿಕೊಂಡೇ ವ್ಯಾಪಾರ ಮಾಡುತ್ತಿದ್ದರು. ಕರೆಂಟು ಬಂದ ಕೂಡಲೇ ಉಫ್ ಎಂದು ಊದಿ ಆರಿಸಿದರು. ಆರಿದ ಬತ್ತಿಯ ಕಮಟು ಹೊಗೆ ಖಾರದ ವಾಸನೆಯ ಜೊತೆ ಮೇಲೆ ಬಂತು. ಬೋರ್ಡಿನ ಮೇಲೆ ಬರೆಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಹುಡುಗಿಯರಿಗೆ ಸ್ವಲ್ಪ ಬಿಡುವು ಕೊಟ್ಟು, ವರಾಂಡಕ್ಕೆ ಬಂದು ಅಕ್ಕನಿಗೆ ಫೋನು ಮಾಡಿದೆ.

"ಎಲ್ಲಿದ್ದಿ?"

"ಮನ್ಯಾಗ ಅದೇನಿ. ಯಾಕವಾ, ಏನಾತು?"

"ಏನಿಲ್ಲ."

ಅವಳಿಗೆ ತಿಳಿಯಿತು. "ಎಲ್ಲೆರ ದೀಪ ಆರಿತೇನು?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮ ಊರು ವರದಾ ಹೊಳೆಯ ದಂಡೆಗಿದೆ. ಈಗ ಎತ್ತರದ ಸೇತುವೆಯಾಗಿ ಯಾರೂ ಹೊಳೆಯ ಕಡೆ ತಿರುಗಿಯೂ ನೋಡದೆ ದಾಟುತ್ತಾರೆ. ಆಗ ಇದ್ದದ್ದು ಬಾಂದಾರ ಮಾತ್ರ. ನೀರು ತಡೆಯಲು ಕಟ್ಟಿದ ಆ ಗಿಡ್ಡ ಗೋಡೆಯ ತಲೆಯ ಮೇಲೆಯೇ ಬೈಕು, ಟ್ರ್ಯಾಕ್ಟರು, ಕುರಿಯ ಹಿಂಡು ಎಲ್ಲ ದಾಟುತ್ತಿದ್ದವು. ಮಗ್ಗುಲಿಗೆ ಕಟಾಂಜನವೂ ಇರಲಿಲ್ಲ. ಬೇಸಿಗೆಯಲ್ಲಿ ಹುಡುಗರು ಅದರ ಮೇಲಿಂದ ನೀರಿಗೆ ಜಿಗಿಯುತ್ತಿದ್ದರು. ನಾನು ಮಾತ್ರ ದಂಡೆಯಲ್ಲಿ ಅವರ ಅಂಗಿಗಳನ್ನು ಕಾಯುತ್ತ ಕೂಡುತ್ತಿದ್ದೆ. ನಾನು ಹುಟ್ಟಾ ಪುಕ್ಕಲಿ. ಕೊಡ ತುಂಬಿ ಚೆಲ್ಲಿದರೂ ಹಿಂದೆ ಸರಿಯುವವಳು.

ನನ್ನ ಅಕ್ಕ ಕಮಲಾ ಇದಕ್ಕೆ ತದ್ವಿರುದ್ಧ. ಅವಳು ದಾದಿ. ಹೊಳೆಯಾಚೆಯ ಹಳ್ಳಿಗಳಲ್ಲಿ ಅವಳ ಕೆಲಸ. ಬೆಳಿಗ್ಗೆ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ದಾಟಿ ಹೋದರೆ, ಹೊತ್ತು ಮುಳುಗುವ ಸಮಯಕ್ಕೆ ತಿರುಗಿ ಬರುತ್ತಿದ್ದಳು. ಹಿರೇಕೆರೂರಿನ ಕಡೆ ವರ್ಗ ಮಾಡಿಸಿಕೋ, ಅಲ್ಲಾದರೆ ಇಂಥ ಹೊಳೆಯಿಲ್ಲ ಎಂದು ನಾನು ಬೆನ್ನು ಹತ್ತಿದ್ದೆ. "ಅಲ್ಲಿ ಹಾವು ಇರಂಗಿಲ್ಲೇನು? ಲಾರಿ ಇರಂಗಿಲ್ಲೇನು? ನಿನಗ ಹೆದರಾಕ ಏನರ ಒಂದು ಬೇಕು" ಎನ್ನುತ್ತಿದ್ದಳು. ಅಪ್ಪ ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕುಳಿತು ನಮ್ಮಿಬ್ಬರ ಜಗಳ ಕೇಳಿಸಿಕೊಳ್ಳುತ್ತಿದ್ದ.

ಬಾಂದಾರದ ಈಚೆ ತುದಿಯಲ್ಲಿ ನೀಲವ್ವನ ಚಾದಂಗಡಿ. ತಗಡಿನ ಮಾಡು, ಎದುರಿಗೊಂದು ಬೇವಿನ ಮರ. ಮಳೆಗಾಲದಲ್ಲಿ ಹೊಳೆಗೆ ಕೆಂಪು ನೀರು ಬಂದ ದಿನ ನೀಲವ್ವ ಒಂದು ಕಂದೀಲು ಹಚ್ಚಿ, ಹೊಳೆಯ ದೇವಿ ಗಂಗವ್ವನ ಹೆಸರು ಹೇಳಿ, ಹೊಳೆಗೆ ಮುಖ ಮಾಡಿದ ಟೊಂಗೆಗೆ ತೂಗುಹಾಕುತ್ತಿದ್ದಳು. ಹೊಳೆ ಇಳಿಯುವವರೆಗೆ ಅದು ಆರಬಾರದು. ಗಾಜು ಒರೆಸಬೇಕೆಂದರೆ, ಎಣ್ಣೆ ಹಾಕಬೇಕೆಂದರೆ, ಮೊದಲು ಅದರಿಂದ ಇನ್ನೊಂದು ಕಂದೀಲು ಹಚ್ಚಿಕೊಂಡು, ಅದನ್ನು ಟೊಂಗೆಗೆ ಹಾಕಿ, ಆಮೇಲೆ ಇದನ್ನು ಇಳಿಸುತ್ತಿದ್ದಳು. ಚಿಮಣಿ ಎಣ್ಣೆ ಸಿಗುವುದೇ ಕಷ್ಟವಾಗಿದ್ದ ಆ ಕಾಲದಲ್ಲಿ ಎಲ್ಲಿಂದ ತರುತ್ತಿದ್ದಳೋ. ಆಚೆ ದಂಡೆಯಿಂದ ಬರುವವರು ಮೊದಲು ಆ ದೀಪ ನೋಡುತ್ತಿದ್ದರು. "ನೀಲವ್ವನ ದೀಪ ಕಂಡ್ರ ಸಾಕು, ಮನಿ ಮುಟ್ಟಿದಂಗ" ಎಂದು ಅಕ್ಕ ಹೇಳುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ನಮ್ಮಿಬ್ಬರಿಗೂ ತಲೆಗೆ ಎಣ್ಣೆ ಹಚ್ಚಿದವಳು ಆ ನೀಲವ್ವನೇ.

ನಮ್ಮ ಹೊಳೆಯ ನಿಜವಾದ ಹೆದರಿಕೆ ನಮ್ಮ ಮಳೆಯದಲ್ಲ. ನಮ್ಮಲ್ಲಿ ಬಿಸಿಲು ಬಿದ್ದಿರುತ್ತದೆ, ಮೇಲೆ ಹಾನಗಲ್ಲಿನ ಕಡೆ ಸುರಿದಿರುತ್ತದೆ. ನೀರು ಹೇಳದೆ ಕೇಳದೆ ಬರುತ್ತದೆ. ಆ ವರ್ಷ ಹಾನಗಲ್ ಕಡೆಯ ಒಂದು ಕಾಲೇಜಿನ ಹುಡುಗರು ತಮ್ಮ ಊರಿನ ಬಾಂದಾರಕ್ಕೆ ನೀರಿನ ಎತ್ತರ ಅಳೆಯುವ ಉಪಕರಣ ಕೂರಿಸಿದ್ದರು. ಅದು ಕಣ್ಣು ಮಿಟುಕಿಸುವುದರೊಳಗೆ ಒಂದೊಂದು ಅಳತೆ ಕಳಿಸುತ್ತಿತ್ತು. ನಮ್ಮ ಕ್ಲಾಸು ನಡೆಸುವ ಅಲ್ತಾಫ್ ಸರ್ ಆ ಅಳತೆಗಳನ್ನು ತೋರಿಸುವ ಒಂದು ಪೇಜು ಬರೆದರು. ದೊಡ್ಡ ಅಕ್ಷರದಲ್ಲಿ ನೀರಿನ ಎತ್ತರ, ಕೆಳಗೆ ಬಂದ ಅಳತೆಗಳ ಸಾಲು, ಅಪಾಯಕ್ಕೊಂದು ಕೆಂಪು ಗೆರೆ, ಮೂಲೆಯಲ್ಲೊಂದು ಗಡಿಯಾರ. ಅಲ್ಲಿ ಕೆಂಪು ಗೆರೆ ಮುಟ್ಟಿದ ನೀರು ನಮ್ಮಲ್ಲಿಗೆ ಬರಲು ಸಾಕಷ್ಟು ಹೊತ್ತು ಬೇಕು. ಅಷ್ಟರೊಳಗೆ ದಾಟುವವರನ್ನು ತಡೆಯಬಹುದು. ಕ್ಲಾಸಿನಲ್ಲಿ ಯಾರೂ ಕೂಡಲು ಒಲ್ಲದ ಹಳೆಯ ಕಂಪ್ಯೂಟರೊಂದನ್ನು ಹೊತ್ತು ತಂದು ನೀಲವ್ವನ ಅಂಗಡಿಯಲ್ಲಿ ಇಟ್ಟೆವು. ನಮ್ಮ ಮೊಬೈಲುಗಳಿಗೆ ಹೊಳೆಯ ದಂಡೆಯಲ್ಲಿ ಮಾತು ಕೇಳಿಸುವುದೇ ದೊಡ್ಡದು, ನೆಟ್ ಎಲ್ಲಿಂದ ಬರಬೇಕು? ಅಂಗಡಿಗೆ ಮಾತ್ರ ವೈರು ಎಳೆಸಿದ್ದೆವು.

ನೀಲವ್ವ ಆ ಕಂಪ್ಯೂಟರಿನ ತೆರೆಗೆ ಅರಿಷಿಣ ಕುಂಕುಮ ಹಚ್ಚಿದಳು. ಮೇಲೆ ಒಂದು ಶ್ಯಾವಂತಿಗೆ ಏರಿಸಿದಳು. ನಂತರ ಅಲ್ತಾಫ್ ಸರ್ ಕಡೆ ತಿರುಗಿ, "ಇದೂ ದೀಪ ಇದ್ದಂಗ ಆತಲ್ರಿ. ಹೊಳಿ ಇಳಿಯೂತನಕ ಇದನ್ನ ಮುಚ್ಚಾಂಗಿಲ್ಲ ನೋಡ್ರಿ" ಎಂದಳು.

"ಆಗಲಿ ಬಿಡವ್ವ, ಮುಚ್ಚೂದು ಬ್ಯಾಡ" ಎಂದರು ಅಲ್ತಾಫ್ ಸರ್. ಅವರು ಹುಲಗೂರಿನವರು. ದರ್ಗಾದ ಸಕ್ಕರೆಯ ಪುಡಿಕೆ ಕಿಸೆಯಲ್ಲಿ ಇಟ್ಟುಕೊಂಡೇ ತಿರುಗುವವರು. ಅವರೂ ಆ ಸಕ್ಕರೆಯನ್ನು ನಮ್ಮೆಲ್ಲರ ಕೈಗೆ ಚೂರು ಚೂರು ಹಾಕಿದರು. ಕರೆಂಟು ಹೋದರೂ ಪೇಜು ಆರಬಾರದೆಂದು ಊರವರು ಟ್ರ್ಯಾಕ್ಟರಿನ ಬ್ಯಾಟರಿ ತಂದು ಇನ್ವರ್ಟರಿಗೆ ಜೋಡಿಸಿದರು. ನಮ್ಮ ಮನೆಯಲ್ಲಿ ಹೊಳೆಗೆ ದೀಪ ಹಚ್ಚುವ ಪದ್ಧತಿ ಇಲ್ಲ. ಆದರೂ ಹೆದರಿದವಳಿಗೆ ಎಲ್ಲರ ಮನೆಯ ಪದ್ಧತಿಯೂ ನಿಜವೆನಿಸುತ್ತದೆ. ಆ ಪೇಜು ಮುಚ್ಚಲು ನನಗೂ ಕೈ ಬರುತ್ತಿರಲಿಲ್ಲ.

ಶ್ರಾವಣ ಬಂತು. ಹೊಳೆ ಏರುತ್ತಿತ್ತು, ಇಳಿಯುತ್ತಿತ್ತು, ಪೂರ್ತಿ ಇಳಿಯುತ್ತಲೇ ಇರಲಿಲ್ಲ. ಬಾಂದಾರದ ಮೇಲೆ ಪಾದ ತೋಯುವಷ್ಟು ನೀರು ಸದಾ ಹರಿಯುತ್ತಿತ್ತು. ನಾನು ಸವಣೂರಿನಿಂದ ಮಧ್ಯಾಹ್ನದ ಬಸ್ಸಿಗೆ ಬಂದು, ಮನೆಗೂ ಹೋಗದೆ ಅಂಗಡಿಯ ಮರದ ಬಾಕಿನ ಮೇಲೆ ಕೂಡುತ್ತಿದ್ದೆ. ಸಂಜೆ ಅಕ್ಕ ಆಚೆಯ ಕೊನೆಯ ಹಳ್ಳಿಯಿಂದ ಹೊರಡುವ ಮುಂಚೆ ಫೋನು ಮಾಡುತ್ತಿದ್ದಳು.

"ಬರ್ಲೇನು?"

ನಾನು ತೆರೆ ನೋಡಿ ಹೇಳುತ್ತಿದ್ದೆ, "ಬಾ" ಅಥವಾ "ತಡಿ". ಅವಳು ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಯಲ್ಲಿ ಇಡುತ್ತಿದ್ದಳು. ಅವಳ ದೀಪ ಬಾಂದಾರದ ಮೇಲೆ ಕಾಣಿಸಿಕೊಂಡು ಈಚೆಗೆ ಬರುವ ತನಕ ನಾನು ಬಾಯಿಯೊಳಗಿನ ಚಹಾ ನುಂಗುತ್ತಿರಲಿಲ್ಲ. ನೀಲವ್ವ ನನ್ನನ್ನು ನೋಡಿ, "ಅಕಿ ದಾಟೂದಕ್ಕಿಂತ ನೀ ಹೆಚ್ಚು ದಣೀತಿ ಬಿಡು" ಎನ್ನುತ್ತಿದ್ದಳು.

ಅದೇ ದಿನಗಳಲ್ಲಿ ಅಲ್ತಾಫ್ ಸರ್ ಕ್ಲಾಸಿನಲ್ಲಿ ಬ್ರೌಸರಿನ ನೆನಪಿನ, ಅಂದರೆ ಮೆಮರಿಯ, ಪಾಠ ಮಾಡುತ್ತಿದ್ದರು. ನಾನು ಹಿಂದಿನ ಬಾಕಿನಲ್ಲಿ ಕುಳಿತು ಕೇಳುತ್ತಿದ್ದೆ. "ನೀವು ಸ್ಕ್ರಿಪ್ಟ್ ಬರೀತೀರಿ, ಏನೇನೋ ಹುಟ್ಟಿಸ್ತೀರಿ. ಎಲ್ಲಾಕ್ಕೂ ಜಾಗ ಬೇಕಲ್ರಿ? ಬ್ರೌಸರಿನ ಒಳಗ ಕಸಾ ಹೊಡಿಯಾಕಿ ಒಬ್ಬಾಕಿ ಇರ್ತಾಳ ಅಂತ ತಿಳೀರಿ. ಯಾವುದಕ್ಕ ಯಾರೂ ದಿಕ್ಕಿಲ್ಲೋ ಅದನ್ನ ಗುಡಿಸಿ ಒಯ್ತಾಳ. ಆದ್ರ ನೀವು ಎಲ್ಲೆರ ಒಂದು ಕಡೆ ಅದರ ಹೆಸರು ಹಿಡ್ಕೊಂಡು ಕುಂತಿದ್ರ, ಮುಟ್ಟಂಗಿಲ್ಲ. ನಿಮಗ ಬೇಕಾಗೇತಿ ಅಂತ ತಿಳಿದು ಬಿಟ್ಟು ಹೋಗ್ತಾಳ."

ಮುಂದಿನ ಬಾಕಿನ ಹುಡುಗಿಯೊಬ್ಬಳು ಕೇಳಿದಳು, "ಸರ, ಅಕಿ ಕಸಾ ಹೊಡಿಯೂ ಮುಂದ ನಮ್ಮ ಕೆಲಸಾ?"

"ನಿಲ್ತೈತಿ. ಮನ್ಯಾಗ ಕಸಾ ಹೊಡಿಯೂ ಮುಂದ ಕಾಲು ಮ್ಯಾಲೆ ತಗೊಂಡು ಕುಂದ್ರಂಗಿಲ್ಲೇನು? ಹಂಗ. ಒಂದು ಚಣ, ಗೊತ್ತೂ ಆಗಂಗಿಲ್ಲ. ಆದ್ರ ಮನಿ ತುಂಬಿ ತುಳುಕಾಕತ್ತಿತ್ತಂದ್ರ ಅಕಿ ಪದೇ ಪದೇ ಬರ್ತಾಳ, ಹುಡುಕ್ತಾಳ, ಒಯ್ಯಾಕ ಏನೂ ಸಿಗಂಗಿಲ್ಲ. ನೀವು ಕಾಲು ಮ್ಯಾಲೆ ತಗೊಂಡು ಕುಂತಿದ್ದ ಬಂತು."

ಎಲ್ಲರೂ ನಕ್ಕರು, ನಾನೂ ನಕ್ಕೆ. ನೀಲವ್ವನ ಅಂಗಡಿಯ ಪೇಜು ಆಗಲೇ ಕಾಲು ಮೇಲೆ ತೆಗೆದುಕೊಂಡು ಕೂಡಲು ಶುರು ಮಾಡಿದ್ದು ನನ್ನ ತಲೆಗೆ ಹೊಳೆಯಲಿಲ್ಲ. ನಾನು ಅದನ್ನು ಕಂಡಿದ್ದೆ. ಹೊಸ ಅಳತೆ ಬರುವಾಗ ಪೇಜು ಬಿಕ್ಕಿದಂತಾಗುತ್ತಿತ್ತು. ಗಡಿಯಾರದ ಸೆಕೆಂಡುಗಳು ನಿಂತು, ಆಮೇಲೆ ಎರಡು ಮೂರು ಒಟ್ಟಿಗೆ ಓಡುತ್ತಿದ್ದವು. ನೆಟ್ ಸರಿಯಿಲ್ಲ ಎಂದು ನಾನು, ಗಂಗವ್ವ ಮುನಿದಿದ್ದಾಳೆ ಎಂದು ನೀಲವ್ವ. ನಾವಿಬ್ಬರೂ ಅದನ್ನು ಮುಚ್ಚಿ ತೆರೆಯುವ ಮಾತು ಎತ್ತಲಿಲ್ಲ.

ಆ ಸಂಜೆ ನಮ್ಮಲ್ಲಿ ಮಳೆಯಿರಲಿಲ್ಲ. ಎಳೆ ಬಿಸಿಲು ಬಿದ್ದು, ಹೊಲಗಳಲ್ಲಿ ಗೋವಿನಜೋಳ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ತೆರೆಯಲ್ಲಿ ನೀರು ಕೆಂಪು ಗೆರೆಯಿಂದ ಎಷ್ಟೋ ಕೆಳಗಿತ್ತು. ಅಪರೂಪಕ್ಕೆ ನನ್ನ ಎದೆ ಹಗುರವಾಗಿತ್ತು. ನೀಲವ್ವ ಮಿರ್ಚಿ ಕರಿದಿದ್ದಳು, ಎರಡು ತಿಂದೆ. ಹೊತ್ತು ಇಳಿದು ಮಬ್ಬು ಕವಿಯುವಾಗ ಅಕ್ಕನ ಫೋನು ಬಂತು.

"ಬರ್ಲೇನು?"

ತೆರೆ ನೋಡಿದೆ. "ಬಾ ಅಕ್ಕಾ, ಇವತ್ತು ಹೊಳಿ ತಣ್ಣಗೈತಿ."

"ಮಿರ್ಚಿ ಇಟ್ಟಿರ್ರಿ ನನಗ" ಎಂದು ಫೋನು ಇಟ್ಟಳು.

ಆಗ ಸವಣೂರಿನ ಸಂಜೆಯ ಬಸ್ಸು ಬಂದು ನಿಂತಿತು. ಇಳಿದವರು ಎಲೆಯ ಪೆಂಡಿ, ಖಾರದ ಪೊಟ್ಟಣ ಹಿಡಿದು ಊರ ಕಡೆ ನಡೆದರು. ನಾನು ಸುಮ್ಮನೆ, ಬಸ್ಸು ಇವತ್ತು ತಡವೇನೋ ಎಂದು ಪೇಜಿನ ಗಡಿಯಾರ ನೋಡಿದೆ. ಅದರಲ್ಲಿ ಇನ್ನೂ ಶಾಲೆ ಬಿಡುವ ಹೊತ್ತು.

ಶಾಲೆ ಬಿಟ್ಟು ಹುಡುಗರು ಮನೆ ಸೇರಿ, ಆಡಿ, ಬೈಸಿಕೊಂಡು ಒಳಗೆ ಹೋಗಿಯೂ ಆಗಿತ್ತು. ಸೆಕೆಂಡುಗಳನ್ನು ದಿಟ್ಟಿಸಿದೆ. ಅವು ಓಡುತ್ತಿರಲಿಲ್ಲ. ಮೌಸ್ ಅಲ್ಲಾಡಿಸಿದರೆ ಬಾಣ ಮಾತ್ರ ಸತ್ತ ಪೇಜಿನ ಮೇಲೆ ನೊಣದಂತೆ ಹರಿದಾಡಿತು. ಪೇಜು ಉತ್ತರ ಕೊಡುತ್ತಿಲ್ಲ, ಕಾಯುತ್ತೀರೋ ಮುಚ್ಚುತ್ತೀರೋ ಎಂದು ಬ್ರೌಸರು ಒಂದು ಚೌಕದಲ್ಲಿ ಕೇಳಿತು. ಅಕ್ಕನಿಗೆ ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಎತ್ತುವುದಾದರೂ ಹೇಗೆ, ಅದು ಡಿಕ್ಕಿಯಲ್ಲಿ ಚೀಲದೊಳಗೆ.

"ನೀಲವ್ವಾ, ಇದು ನಿಂತೈತಿ ಬೇ. ಮುಚ್ಚತೇನಿ."

"ಮುಚ್ಚಬ್ಯಾಡ!" ಅವಳು ಒಲೆಯ ಮುಂದಿನಿಂದ ಎದ್ದಳು. "ಕಮಲಿ ದಾರ್ಯಾಗ ಅದಾಳ. ಈಗ ಮುಚ್ಚತಾರೇನು?"

"ದಾರ್ಯಾಗ ಅದಾಳಂತನ ಮುಚ್ಚಾಕತ್ತೇನಿ!"

ಮುಚ್ಚಿದೆ. ಮತ್ತೆ ತೆರೆದೆ. ಪೇಜು ಬರುವ ತನಕ ಬಿಳಿಯ ಖಾಲಿ ತೆರೆಯ ಮುಂದೆ ನಿಂತೇ ಇದ್ದೆ. ಬಂತು. ಇಡೀ ತೆರೆ ಕೆಂಪಗಿತ್ತು. ಮೇಲೆ ಹಾನಗಲ್ಲಿನ ಕಡೆ ನೀರು ಗೆರೆ ದಾಟಿ ಎಷ್ಟೋ ಹೊತ್ತಾಗಿತ್ತು. ಯಾವುದೋ ಕೆರೆಯ ಕೋಡಿ ಕಿತ್ತಿತ್ತೆಂದು ಆಮೇಲೆ ತಿಳಿಯಿತು. ಆ ನೀರು ಇನ್ನೇನು ನಮ್ಮ ಬಾಂದಾರಕ್ಕೆ ಬರಬೇಕು, ಅಥವಾ ಬಂದೇಬಿಟ್ಟಿದೆ.

ಪೇಜು ಯಾಕೆ ಸತ್ತಿತೆಂಬುದನ್ನು ಅಲ್ತಾಫ್ ಸರ್ ಮರುದಿನ ಹುಡುಕಿ ತೆಗೆದರು. ಹಳೆಯ ಅಳತೆಯ ಸಾಲುಗಳನ್ನು ಪೇಜು ತೆರೆಯಿಂದ ತೆಗೆದುಹಾಕುತ್ತಿತ್ತು, ಸರಿ. ಆದರೆ ಮಳೆಗಾಲ ಮುಗಿದ ಮೇಲೆ ಇಡೀ ಹೊಳೆಯ ಚಿತ್ರ ಬಿಡಿಸಬೇಕೆಂಬ ಆಸೆಯಿಂದ ಅವರು ಒಳಗೆ ಒಂದು ಕಡೆ ಅವನ್ನೆಲ್ಲ ಹಿಡಿದಿಟ್ಟಿದ್ದರು. ಕಣ್ಣಿಗೆ ಕಾಣದ ಒಂದೊಂದು ಸಾಲೂ ಒಳಗೆ ಇದ್ದೇ ಇತ್ತು. ಗುಡಿಸುವವಳು ಬಂದಳು, ಎಲ್ಲಕ್ಕೂ ವಾರಸುದಾರರಿದ್ದಾರೆಂದು ನೋಡಿ ಬರಿಗೈಲಿ ಹೋದಳು. ಹಗಲು ರಾತ್ರಿ ಮುಚ್ಚದೆ ಇಟ್ಟ ಪೇಜು ಕೊನೆಗೆ ಉಸಿರಾಡಲು ಜಾಗವಿಲ್ಲದೆ ನಿಂತಿತು. ದಿನಕ್ಕೊಮ್ಮೆ ಮುಚ್ಚಿ ತೆರೆದಿದ್ದರೆ ಆ ಭಾರವೆಲ್ಲ ತಾನಾಗಿಯೇ ಇಳಿದುಹೋಗುತ್ತಿತ್ತು. "ಮುಚ್ಚೂದು ಬ್ಯಾಡ ಅಂತ ನಾನ ಅಂದಿದ್ದೆ ನೋಡ್ರಿ" ಎಂದು ಅವರು ಹಣೆ ಹಿಡಿದುಕೊಂಡು ಕುಳಿತಿದ್ದರು.

ಆ ಸಂಜೆ ಇದೊಂದೂ ನನಗೆ ಗೊತ್ತಿಲ್ಲ. ನಾನು ಓಡಿದೆ. ನೀರು ಕಂಡರೆ ಹಿಂದೆ ಸರಿಯುವ ನಾನು ಬಾಂದಾರದ ತುದಿಯಲ್ಲಿ ಮೊಣಕಾಲ ಮಟ ನೀರಿನಲ್ಲಿ ನಿಂತಿದ್ದೆ. ಪಾದ ತೋಯುವಷ್ಟಿದ್ದದ್ದು ಆಗಲೇ ಮೊಣಕಾಲಿಗೆ ಬಂದಿತ್ತು. ಆಚೆ ದಂಡೆಯ ಇಳಿಜಾರಿನಲ್ಲಿ ಸ್ಕೂಟರಿನ ದೀಪ ಕಾಣಿಸಿತು.

"ಅಕ್ಕಾ! ಬರಬ್ಯಾಡ!" ಎಂದು ಕೂಗಿದೆ. ಹೊಳೆಯ ಸದ್ದಿನಲ್ಲಿ ನನ್ನ ಧ್ವನಿ ಆಚೆ ಮುಟ್ಟಲಿಲ್ಲ. ಎರಡೂ ಕೈ ಎತ್ತಿ ಬೀಸಿದೆ. ಆ ಮಬ್ಬಿನಲ್ಲಿ ಬೀಸುವ ಕೈ ಬಾ ಎನ್ನುತ್ತದೋ ಬೇಡ ಎನ್ನುತ್ತದೋ ಯಾರಿಗೆ ತಿಳಿಯಬೇಕು? ದಿನವೂ ಹೀಗೇ ಕೈ ಬೀಸಿ ಕರೆಯುತ್ತಿದ್ದವಳು ನಾನು. ಅವಳು ದೀಪವನ್ನು ಒಮ್ಮೆ ಕಿರಿದು ಮಾಡಿ ಹಿರಿದು ಮಾಡಿದಳು. ಬಂದೆ ಎಂಬುದಕ್ಕೆ ಅವಳ ಗುರುತು ಅದು. ದೀಪ ಕೆಳಗಿಳಿಯತೊಡಗಿತು. ಮೇಲ್ಗಡೆಯಿಂದ, ತಿರುವಿನ ಆಚೆಯಿಂದ, ಟ್ರ್ಯಾಕ್ಟರುಗಳು ಸಾಲುಗಟ್ಟಿ ಬರುವಂಥ ಸದ್ದು ಕೇಳಿಸಿತು. ಟ್ರ್ಯಾಕ್ಟರುಗಳಲ್ಲ ಎಂದು ನನಗೆ ಗೊತ್ತಿತ್ತು.

ಆಗ ನನ್ನ ಮುಂದೆ ನೀರಿನ ಮೇಲೆ ಅಲ್ಲಾಡುತ್ತಿದ್ದ ಹಳದಿ ಬೆಳಕು ಇಲ್ಲವಾಯಿತು.

ತಿರುಗಿ ನೋಡಿದೆ. ಬೇವಿನ ಮರದ ಕೆಳಗೆ ಕತ್ತಲೆ. ನೀಲವ್ವ ಎರಡೂ ಕೈಯಲ್ಲಿ ಕಂದೀಲು ಹಿಡಿದುಕೊಂಡು ನಿಂತಿದ್ದಳು. ಅಂಗಡಿಯ ಬಲ್ಬನ್ನೂ ಆರಿಸಿದ್ದಳು. ಬತ್ತಿಯ ಹೊಗೆ ನನ್ನ ತನಕ ಬಂತು, ಕಮಟು ವಾಸನೆ. ಅವಳ ಮುಖ ಕಾಣಲಿಲ್ಲ. "ಗಂಗವ್ವಾ, ನನ್ನ ಮ್ಯಾಲೆ ಹಾಕು. ತಪ್ಪು ನನ್ನ ಮ್ಯಾಲೆ ಹಾಕು" ಎಂದು ಗಟ್ಟಿಯಾಗಿ ಬೇಡಿಕೊಳ್ಳುತ್ತಿದ್ದಳು.

ಆಚೆಯ ದೀಪ ನಿಂತಿತು. ಬಾಂದಾರದ ಬಾಯಿಯಲ್ಲಿ, ನೀರಿನ ಅಂಚಿನಲ್ಲೇ ನಿಂತಿತು. ನಾನು ಹಿಂದಕ್ಕೆ ಎಡವುತ್ತ ದಂಡೆ ಹತ್ತಿದೆ. ಅಷ್ಟರಲ್ಲಿ ನೀರು ಬಂತು. ಅದು ಬಂದದ್ದನ್ನು ನಾನು ನೋಡಲಿಲ್ಲ, ಕೇಳಿದೆ. ಬುಡಸಮೇತ ಕಿತ್ತ ಮರಗಳು ಬಾಂದಾರಕ್ಕೆ ಬಡಿಯುವ ಸದ್ದು. ಮತ್ತೆ ಆಚೆ ನೋಡಿದಾಗ ಸ್ಕೂಟರಿನ ದೀಪ ಇರಲಿಲ್ಲ.

ನಾನು ನೀಲವ್ವನ ಸೆರಗು ಹಿಡಿದುಕೊಂಡೆ. ಅವಳು ಆರಿದ ಕಂದೀಲು ಹಿಡಿದುಕೊಂಡಿದ್ದಳು. ಊರವರು ಬ್ಯಾಟರಿ ಹಿಡಿದು ಓಡಿ ಬಂದರು, ಅಪ್ಪ ಬರಿಗಾಲಲ್ಲಿ ಬಂದ. ಯಾರ ಬ್ಯಾಟರಿಯ ಬೆಳಕೂ ಆಚೆ ದಂಡೆ ಮುಟ್ಟಲಿಲ್ಲ. ಅಕ್ಕನಿಗೆ ಫೋನು ಹಚ್ಚಿದೆ, ಸ್ವಿಚ್ ಆಫ್. ಮತ್ತೆ ಹಚ್ಚಿದೆ. ಅಪ್ಪ ನನ್ನ ಕೈಯಲ್ಲಿನ ಫೋನನ್ನೇ ನೋಡುತ್ತ ನಿಂತ. ಬಾ ಎಂದವಳು ನಾನೇ ಎಂದು ಅವನಿಗೆ ಹೇಳುವ ಬದಲು ಮತ್ತೆ ನಂಬರು ಒತ್ತಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಜೀವನದಲ್ಲಿ ಅಷ್ಟು ಹೆದರಿಕೆ ನನಗೆ ಮತ್ತೆ ಆಗಿಲ್ಲ, ಆಗುವುದೂ ಬೇಡ.

ಗುರುತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಿದರೆ ಮೊದಲು ಬರೀ ಏದುಸಿರು. ಆಮೇಲೆ ಅಕ್ಕನ ಧ್ವನಿ.

"ಸುಜಿ, ನೀಲವ್ವಗ ಏನಾತು?"

ನಾನು ಅಪ್ಪನ ತೋಳು ಹಿಡಿದು ಜಗ್ಗಿದೆ.

"ಹೇಳಬೇ! ಯವ್ವಗ ಏನಾತು? ದೀಪ ಆರಿತಲ್ಲ. ಅಕಿ ಜೀವಂತ ಇರೂತನಕ ಅದು ಆರಂಗಿಲ್ಲ. ಹ್ವಾದಳೇನೋ ಅಂತ ನನ್ನ ಎದಿ ಧಸಕ್ಕಂತು. ಬ್ರೇಕ್ ಹಾಕಿ ನಿಂತೆ. ಅಷ್ಟರಾಗ ನೀರು ಬಂತು, ಗಾಡಿ ಹೋತು, ನಾ ಮ್ಯಾಲೆ ಓಡಿದೆ. ಗಾಡಿ ಹೋಗ್ಲಿ ಬಿಡು. ನೀ ಹೇಳು, ಅಕಿ ಅದಾಳೋ ಇಲ್ಲೋ?"

ನಾನು ಫೋನನ್ನು ನೀಲವ್ವನ ಕಿವಿಗೆ ಹಿಡಿದೆ.

"ಅದೇನಿ ಮಗಳ" ಎಂದಳು ನೀಲವ್ವ. "ಇಲ್ಲೇ ಅದೇನಿ. ನಾನ ಆರಿಸಿದೆ." ಅಷ್ಟು ಹೇಳಿ ನೆಲಕ್ಕೆ ಕುಸಿದು ಕುಳಿತು, ಹೊಳೆಯ ಕಡೆ ನೋಡಲು ಅಂಜಿ ಮೊಣಕಾಲ ನಡುವೆ ಮುಖ ಇಟ್ಟುಕೊಂಡಳು. ಅಪ್ಪ ಅವಳ ಪಕ್ಕದಲ್ಲಿ ಕುಳಿತ.

ಆಮೇಲೆ ನೀಲವ್ವ ಕಡ್ಡಿಪೆಟ್ಟಿಗೆಯನ್ನು ನನ್ನ ಕಡೆ ಚಾಚಿದಳು. "ನೀ ಹಚ್ಚವಾ. ಆರಿಸಿದ ಕೈಲೆ ನಾ ಹೆಂಗ ಹಚ್ಚಲಿ?"

ಎರಡು ಕಡ್ಡಿ ಮುರಿದವು, ಮೂರನೆಯದು ಹತ್ತಿತು. ಕಂದೀಲನ್ನು ಟೊಂಗೆಗೆ ಹಾಕಿದೆ. ಆಚೆ ದಂಡೆಯ ಮೇಲೆ, ಎತ್ತರದಲ್ಲಿ, ಯಾರೋ ಒಂದು ಬ್ಯಾಟರಿಯ ಬೆಳಕನ್ನು ಕಿರಿದು ಮಾಡಿ ಹಿರಿದು ಮಾಡಿದರು.

ನಾನು ಅಂಗಡಿಯೊಳಗೆ ಹೋಗಿ ಪೇಜು ಮುಚ್ಚಿ ತೆರೆದೆ. ಗಡಿಯಾರ ಸರಿಯಾಗಿತ್ತು, ಸೆಕೆಂಡುಗಳು ಓಡುತ್ತಿದ್ದವು. ನಂಬಿಕೆ ಬರಲಿಲ್ಲ. ಮತ್ತೆ ಮುಚ್ಚಿ ತೆರೆದೆ.